ಸಾಲ ತಂದ ಗಲ್ಲಿ

ಪಡೀಲಿನಲ್ಲಿ ಗುಡ್ಡೆಗಳುಂಟು, ಗುಡ್ಡೆಯನ್ನು ಕಡಿದು ಮಾಡಿದ ರಸ್ತೆಗಳುಂಟು, ರೈಲು ಹಳಿಗಳುಂಟು, ಹಳಿಗಳ ಕೆಳಗೆ ನುಸುಳಿ ಹೋಗುವ ದಾರಿಗಳುಂಟು. ತೆಂಗಿನ ಮರಗಳ ನಡುವೆ ಹೆಂಚಿನ ಮನೆಗಳೂ, ಅವುಗಳನ್ನು ಅಣಕಿಸುವಂತೆ ಎದ್ದು ನಿಂತ ತಾರಸಿಯ ಮನೆಗಳೂ ಉಂಟು. ಆದರೆ ಗಲ್ಲಿ ಎಂಬುದು ಮಾತ್ರ ಇಲ್ಲ. ಇದು ಊರಿನವರಿಗೆ ಎಂದೂ ಒಂದು ಕೊರತೆಯಾಗಿ ಕಂಡಿರಲಿಲ್ಲ. ಹತ್ತೊಂಬತ್ತು ವರ್ಷದ ತರುಣನೊಬ್ಬನು ತಾನು ರ್ಯಾಪ್ ಹಾಡುಗಾರನಾಗಬೇಕೆಂದು ನಿಶ್ಚಯಿಸಿದ ದಿನವೇ ಆ ಕೊರತೆ ಬೆಳಕಿಗೆ ಬಂತು.

ರ್ಯಾಪ್ ಎಂದರೆ ರಾಗಕ್ಕಿಂತ ತಾಳವನ್ನು ನೆಚ್ಚಿ, ಪ್ರಾಸದ ಮೇಲೆ ಪ್ರಾಸ ಕಟ್ಟುತ್ತ, ಮಾತನ್ನೇ ಓಡಿಸುವ ಹಾಡುಗಾರಿಕೆ. ಉಳಿದ ಸಂಗೀತಗಾರರ ವಿಷಯದಲ್ಲಿ ಜನರು ‘ಕಂಠ ಹೇಗಿದೆ?’ ಎಂದು ಕೇಳುತ್ತಾರೆ. ಇವನ ವಿಷಯದಲ್ಲಿ ‘ಯಾವ ಕೇರಿಯವನು?’ ಎಂದು ಕೇಳುತ್ತಾರೆ. ಹುಟ್ಟಿದ ಬೀದಿ, ಪಟ್ಟ ಪಾಡು, ತಿಂದ ಪೆಟ್ಟು, ಇವೇ ಅವನ ಅರ್ಹತಾಪತ್ರಗಳು. ಸುಖವಾಗಿ ಬೆಳೆದವನು ತೋಡಿ ರಾಗವನ್ನು ಹಾಡಿದರೆ ಯಾರೂ ಆಕ್ಷೇಪಿಸರು. ಅವನೇ ಹಸಿವಿನ ಮೇಲೆ ರ್ಯಾಪ್ ಕಟ್ಟಿದನೆಂದರೆ, ‘ನಿನ್ನೆ ರಾತ್ರಿ ಏನು ಉಂಡೆ?’ ಎಂಬ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ.

ಪಡೀಲಿನ ತರುಣನಾದರೋ ಪ್ರತಿ ರಾತ್ರಿಯೂ ಕುಚ್ಚಲಕ್ಕಿಯ ಅನ್ನವನ್ನೂ ಬಂಗುಡೆಯ ಸಾರನ್ನೂ ತೃಪ್ತಿಯಾಗಿ ಉಣ್ಣುತ್ತಿದ್ದನು. ತಂದೆ ಸರಕಾರಿ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕರು. ಮಾತು ಕಡಿಮೆ, ಲೆಕ್ಕ ಹೆಚ್ಚು. ತಾಯಿ ಮನೆ ನೋಡಿಕೊಳ್ಳುವವಳು. ಚಾವಡಿಯ ಮೂಲೆಯಲ್ಲಿ ಎಂಬತ್ತರ ಹತ್ತಿರದ ಅಜ್ಜಿ. ಅಂಗಳದಲ್ಲಿ ಒಂದು ಮಾವಿನ ಮರ, ಅದರ ನೆರಳಿನಲ್ಲಿ ಹಳೆಯ ಪುಟ್ಟ ಕಾರು. ಇಂಥ ಮನೆಯಿಂದ ರೌದ್ರರಸ ಹೊರಡುವುದು ಹೇಗೆ? ಆದ್ದರಿಂದ ತರುಣನು ತನ್ನ ಹಾಡಿಗೆ ಬೇಕಾದ ಗಲ್ಲಿಯನ್ನು ಮುಂಬಯಿಯಿಂದ ತರಿಸಿಕೊಂಡನು. ಕತ್ತಿ, ಕೈಕೋಳ, ಠಾಣೆಯ ಕತ್ತಲ ಕೋಣೆ ಇವುಗಳನ್ನು ಬೇರೆ ಬೇರೆ ದೇಶಗಳಿಂದ ಆಯ್ದುಕೊಂಡನು. ರಾತ್ರಿ ಹತ್ತರ ಮೇಲೆ ಪಡೀಲಿನ ರಸ್ತೆಯೆಲ್ಲ ತನ್ನದೆಂದು ಹಾಡಿನಲ್ಲಿ ಘೋಷಿಸಿದನು. ನಿಜವಾಗಿ ಹತ್ತರ ಮೇಲೆ ಆ ರಸ್ತೆ ಬೆಂಗಳೂರಿನ ಲಾರಿಗಳಿಗೂ ಜಂಕ್ಷನ್ ನಿಲ್ದಾಣದಿಂದ ಗಿರಾಕಿ ಕಾಯುವ ಆಟೋ ರಿಕ್ಷಾಗಳಿಗೂ ಸೇರಿದ್ದು. ತರುಣನು ಒಂಬತ್ತು ದಾಟಿತೆಂದರೆ ತಾಯಿಗೆ ಫೋನು ಮಾಡಿ ಕಾರಣ ಹೇಳಬೇಕಾಗಿತ್ತು. ತಾಯಿಯ ಭಯಕ್ಕೂ ಅರ್ಥವಿಲ್ಲದಿರಲಿಲ್ಲ. ನಿಷೇಧಾಜ್ಞೆಯ ರಾತ್ರಿಗಳನ್ನು ಕಂಡ ನಗರ ಅದು. ಮಗನು ಮನೆ ಸೇರುವ ತನಕ ಗೇಟಿನ ಸದ್ದಿಗೆ ಕಿವಿಯಿಟ್ಟು ಕುಳಿತ ತಾಯಂದಿರಿಗೆ ಬೀದಿಯ ಕತ್ತಿ ಹಾಡಿನ ಅಲಂಕಾರವಾಗಿ ಕೇಳಿಸುವುದಿಲ್ಲ.

ಇನ್ನು ಭಾಷೆಯ ತೊಡಕು ಬೇರೆ. ಮನೆಯಲ್ಲಿ ತುಳು, ಕನ್ನಡವೆಂದರೆ ಶಾಲೆಯಲ್ಲಿ ಕಲಿತದ್ದು. ಮಂಗಳೂರಿನವರ ಕನ್ನಡ ಪುಸ್ತಕದ ಕನ್ನಡವೆಂದು ಘಟ್ಟದ ಮೇಲಿನವರು ನಗುವುದುಂಟು. ಚಲನಚಿತ್ರಗಳಲ್ಲಿಯೂ ‘ಎಂಥದು ಮಾರಾಯ’ ಎಂಬ ಒಂದು ಮಾತಿನಿಂದ ಇಡೀ ಜಿಲ್ಲೆಯನ್ನು ಮುಗಿಸಿಬಿಡುತ್ತಾರೆ. ತರುಣನು ‘ಹೋಗುವುದುಂಟು, ಬರುವುದುಂಟು’ ಎನ್ನುವುದನ್ನು ಬಿಟ್ಟು, ಬೆಂಗಳೂರಿನ ‘ಮಗಾ, ಮಚ್ಚಾ’ಗಳನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದನು. ಬೀದಿಯಲ್ಲಿ ಸಹಜವಾಗಿ ಬರಬೇಕಾದ ಮಾತನ್ನು ಪಾಠದಂತೆ ಬಾಯಿಪಾಠ ಮಾಡಿದುದು ಒಂದು ವಿನೋದವಾದರೆ, ಅವನ ಬಾಯಿಗೆ ಸಹಜವಾಗಿದ್ದ ಕನ್ನಡವೇ ಗ್ರಂಥಸ್ಥ ಕನ್ನಡವಾಗಿದ್ದುದು ಇನ್ನೊಂದು ವಿನೋದ.

ಮೊದಲಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ರೈಲು ಹಳಿಯ ಕೆಳಗಿನ ದಾರಿಯಲ್ಲಿ ಗೆಳೆಯರು ಮೊಬೈಲಿನಿಂದ ಚಿತ್ರ ತೆಗೆದರು. ಗೋಡೆಯ ಪಾಚಿ ದಾರಿದ್ರ್ಯದ ಪಾತ್ರವನ್ನು ಚೆನ್ನಾಗಿಯೇ ವಹಿಸಿತು. ಹಾಡಿನಲ್ಲಿ ಒಂದು ಕೊರತೆ ಉಳಿದಿತ್ತು. ತಂದೆ ಯಾರು? ಗಲ್ಲಿಯ ಹುಡುಗನಿಗೆ ಗಣಿತದ ಮೇಷ್ಟರು ತಂದೆಯಾಗಿರುವುದು ಹೊಂದುವುದಿಲ್ಲ. ತರುಣನು ಯೋಚಿಸಿದನು, ಕುಡಿದು ಬಂದು ಹೊಡೆಯುವ, ಕೊನೆಗೆ ಮನೆ ಬಿಟ್ಟು ಹೋಗುವ ತಂದೆಯೊಬ್ಬನನ್ನು ನಾಲ್ಕು ಸಾಲಿನಲ್ಲಿ ಸೃಷ್ಟಿಸಿದನು. ಆ ನಾಲ್ಕು ಸಾಲುಗಳಿಗೇ ಗೆಳೆಯರ ಮೆಚ್ಚಿಗೆ ಹೆಚ್ಚು ದೊರೆಯಿತು.

ಅನಂತರ ನಗರದ ಕಾಲೇಜೊಂದರ ಉತ್ಸವದಲ್ಲಿ ಸ್ಪರ್ಧೆ. ಇಬ್ಬರು ಹಾಡುಗಾರರು ಎದುರುಬದುರಾಗಿ ನಿಂತು, ಸರದಿಯ ಮೇಲೆ ಒಬ್ಬರನ್ನೊಬ್ಬರು ಹಳಿಯುವ ಪಂದ್ಯ. ಪಡೀಲಿನ ತರುಣನು ಗಲ್ಲಿಯನ್ನೂ ಕತ್ತಿಯನ್ನೂ ತಂದೆಯನ್ನೂ ಹಾಡಿ ಮುಗಿಸಿದನು. ಚಪ್ಪಾಳೆ ಬಿತ್ತು. ಎದುರಾಳಿ ಸಣ್ಣ ಮೈಯ ಹುಡುಗ. ಅವನು ಏನನ್ನೂ ದೊಡ್ಡದಾಗಿ ಹೇಳಲಿಲ್ಲ. ಈ ಗಲ್ಲಿಯ ರಾಜನನ್ನು ಮಳೆಯಲ್ಲಿ ಕಾರಿನಿಂದ ಇಳಿಸಿ, ನೆನೆಯದಂತೆ ಕೊಡೆ ಹಿಡಿದು ಬಾಗಿಲ ತನಕ ತಂದು ಬಿಟ್ಟವರು ಯಾರು, ಓಡಿಹೋದ ಆ ತಂದೆಯೇ ಅಲ್ಲವೆ, ಎಂದು ಪ್ರಾಸ ಕೂಡಿಸಿ ಕೇಳಿದನು. ಸಭಾಂಗಣ ನಕ್ಕಿತು. ನಕ್ಕವರು ಹಿಂದಿರುಗಿ ನೋಡಿದರು. ಕೊನೆಯ ಸಾಲಿನಲ್ಲಿ ಒದ್ದೆಯಾದ ಕೊಡೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಗಣಿತದ ಮೇಷ್ಟರು ಕುಳಿತಿದ್ದರು. ಮಗನ ಹಾಡನ್ನು ಅವರು ಕೇಳಿದ್ದು ಅದೇ ಮೊದಲು.

ಮನೆಗೆ ಹಿಂದಿರುಗುವಾಗ ತಂದೆ ಕಾರು ನಡೆಸಿದರು. ಮಗನು ಕಿಟಕಿಯ ಹೊರಗೆ ನೋಡಿದನು. ಪಂಪ್‌ವೆಲ್ ಕಳೆಯಿತು. ಪಡೀಲಿನ ತಿರುವಿನಲ್ಲಿ ತಂದೆ ಕೇಳಿದ ಮಾತು ಒಂದೇ: “ಊಟ ಆಯಿತೋ?” ಎದುರಾಳಿಯ ಪ್ರಾಸಕ್ಕಿಂತ ಆ ಐದು ಅಕ್ಷರದ ಎರಡು ಮಾತು ಹೆಚ್ಚು ನಾಟಿತು.

ಈ ಪೇಚು ಪಡೀಲಿನ ತರುಣನೊಬ್ಬನದೇ ಅಲ್ಲ. ರ್ಯಾಪ್ ಲೋಕದ ಮಹನೀಯರು ಅನೇಕರು ಇದೇ ಕೆಸರಿನಲ್ಲಿ ಕಾಲಿಟ್ಟವರು. 1990ರಲ್ಲಿ ಅಮೆರಿಕದಲ್ಲಿ ವೆನಿಲಾ ಐಸ್ ಎಂಬ ಹಾಡುಗಾರನು ಮಯಾಮಿಯ ಒರಟು ಬೀದಿಗಳಲ್ಲಿ ಬೆಳೆದವನೆಂದು ಪ್ರಚಾರ ಪಡೆದನು. ಡಲ್ಲಾಸಿನ ಪತ್ರಿಕೆಯೊಂದು ಅವನು ಆ ನಗರದ ಸುಖವಾದ ಹೊರವಲಯದ ಶಾಲೆಯಲ್ಲಿ ಓದಿದವನೆಂದು ಬಯಲಿಗೆಳೆಯಿತು. ಅವನ ಕೀರ್ತಿ ಹೆಸರಿಗೆ ತಕ್ಕಂತೆ ಬೇಗನೆ ಕರಗಿತು. ಇನ್ನೊಬ್ಬನು ರಿಕ್ ರಾಸ್. ಈ ಹೆಸರು ಅವನದಲ್ಲ. ಲಾಸ್ ಏಂಜಲಿಸಿನ ಕುಪ್ರಸಿದ್ಧ ಮಾದಕವಸ್ತು ವ್ಯಾಪಾರಿಯೊಬ್ಬನದು. ಹಾಡಿನಲ್ಲಿ ತಾನೂ ಅಂಥ ವ್ಯಾಪಾರದ ಸಾಮ್ರಾಟನೆಂದು ಮೆರೆದ ಇವನು ಹಿಂದೆ ಫ್ಲಾರಿಡಾದಲ್ಲಿ ಸೆರೆಮನೆಯ ಕಾವಲುಗಾರನಾಗಿದ್ದನೆಂಬುದು 2008ರಲ್ಲಿ ಹೊರಬಿತ್ತು. ಕಳ್ಳನೆಂದು ಹೇಳಿಕೊಂಡವನು ಕಾವಲುಗಾರನೆಂದು ಸಿಕ್ಕಿಬಿದ್ದು ನಾಚಿದುದು ಲೋಕದ ಇತಿಹಾಸದಲ್ಲಿ ಅಪೂರ್ವವೇ ಸರಿ. ಅಸಲು ರಾಸ್ 2010ರಲ್ಲಿ ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದನು. 2013ರಲ್ಲಿ ನ್ಯಾಯಾಲಯ ಹಾಡುಗಾರನ ಪರವಾಗಿಯೇ ತೀರ್ಪಿತ್ತಿತು. ಕಲೆಯಲ್ಲಿ ಹೆಸರನ್ನು ಹೀಗೆ ಬಳಸಿಕೊಳ್ಳುವುದು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗಿನ ವಿಷಯವೆಂಬುದು ಅದರ ಸಾರ.

ಮೆಕ್ಸಿಕೊ ದೇಶದಲ್ಲಿ ಈ ವಿಚಾರಕ್ಕೆ ಒಂದು ನುಡಿಗಟ್ಟೇ ಉಂಟು. ಅಲ್ಲಿ ಬೀದಿಯ ಸತ್ವವುಳ್ಳವನನ್ನು ‘ಬಾರ್ರಿಯೊ ಉಳ್ಳವನು’ ಎನ್ನುತ್ತಾರೆ. ಬಾರ್ರಿಯೊ ಎಂದರೆ ಕೇರಿ. ಅದಿಲ್ಲದ ಸಿರಿವಂತರ ಮುದ್ದು ಮಕ್ಕಳನ್ನು ‘ಫ್ರೆಸಾ’ ಎನ್ನುತ್ತಾರೆ. ಅಂದರೆ ಸ್ಟ್ರಾಬೆರಿ ಹಣ್ಣು. ಮಾಂಟೆರ್ರೆ ನಗರದ ‘ಕಂಟ್ರೋಲ್ ಮಚೆಟೆ’ ತಂಡದ ಮೊದಲ ಧ್ವನಿಮುದ್ರಿಕೆ 1996ರಲ್ಲಿ ಹೊರಬಂದು ಆ ದೇಶದಲ್ಲಿ ರ್ಯಾಪಿಗೆ ದೊಡ್ಡ ಬಾಗಿಲನ್ನು ತೆರೆಯಿತು. ತಂಡದ ಹೆಸರಿನಲ್ಲಿಯೇ ಮಚ್ಚು ಇದೆ. ಮುಂದೆ 2006ರ ಕೊನೆಯಿಂದ ಸರಕಾರಕ್ಕೂ ಮಾದಕವಸ್ತುಗಳ ಪಡೆಗಳಿಗೂ ಕಾಳಗ ನಡೆದು ಊರೂರೇ ರಕ್ತದಲ್ಲಿ ತೊಯ್ದಾಗ, ಹಾಡಿನ ಮಚ್ಚಿಗೂ ಬೀದಿಯ ಮಚ್ಚಿಗೂ ನಡುವೆ ಇದ್ದ ಗೆರೆ ಅಳಿಸತೊಡಗಿತು. ಆ ಪಡೆಗಳ ನಾಯಕರನ್ನು ಹೊಗಳುವ ರ್ಯಾಪ್ ಹಾಡುಗಳು ಗಡಿಯ ಊರುಗಳಲ್ಲಿ ಹುಟ್ಟಿದವು.

ಇದರ ಕೊನೆ ಎಲ್ಲಿಗೆ ಮುಟ್ಟಿತೆಂಬುದನ್ನು 2018ರಲ್ಲಿ ಲೋಕ ಕಂಡಿತು. ಆ ವರ್ಷದ ಮಾರ್ಚಿನಲ್ಲಿ ಹಲಿಸ್ಕೊ ಪ್ರಾಂತದ ಟೊನಾಲಾದಲ್ಲಿ ಚಲನಚಿತ್ರ ಶಾಸ್ತ್ರ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಕಾಣೆಯಾದರು. ಅವರನ್ನು ವಿರೋಧಿ ಪಡೆಯವರೆಂದು ತಪ್ಪಾಗಿ ತಿಳಿದು ಕೊಲ್ಲಲಾಗಿತ್ತು. ದೇಹಗಳನ್ನು ಆಮ್ಲದಲ್ಲಿ ಕರಗಿಸಿದೆನೆಂದು ಒಪ್ಪಿಕೊಂಡವನು, ಯೂಟ್ಯೂಬಿನಲ್ಲಿ ಸಾವಿರಾರು ಅನುಯಾಯಿಗಳಿದ್ದ ರ್ಯಾಪ್ ಹಾಡುಗಾರನೆಂದು ತನಿಖೆಯವರು ಪ್ರಕಟಿಸಿದರು. ಅವನಿಗೆ ಸಿಗುತ್ತಿದ್ದ ಕೂಲಿ ವಾರಕ್ಕೆ 3,000 ಪೆಸೊ. ಬೀದಿಯ ನೈಜತೆಯನ್ನು ಹಾಡಿನಲ್ಲಿ ಹುಡುಕುವವರು ಇದನ್ನು ನೆನೆಯಬೇಕು. ಕಲೆಗಾರನು ಹಾಡಿದ್ದನ್ನೆಲ್ಲ ಬಾಳಿರಲೇಬೇಕೆಂದು ಹಟ ಹಿಡಿದರೆ, ಕೆಲವರು ಸುಳ್ಳು ಹೇಳುತ್ತಾರೆ. ಕೆಲವರು ಅದಕ್ಕಿಂತ ಕೆಟ್ಟದ್ದನ್ನು ಮಾಡುತ್ತಾರೆ.

ರ್ಯಾಪ್ ಹುಟ್ಟಿದ ಕಥೆಯಲ್ಲಾದರೂ ಕತ್ತಿಯುಂಟೆ? 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಸೆಜ್ವಿಕ್ ಅವೆನ್ಯೂವಿನ 1520ನೆಯ ನಂಬರಿನ ಕಟ್ಟಡದಲ್ಲಿ, ಒಬ್ಬ ಹುಡುಗಿ ಒಂದು ಕೂಟವನ್ನೇರ್ಪಡಿಸಿದಳು. ಶಾಲೆ ತೆರೆಯುವ ಕಾಲಕ್ಕೆ ಹೊಸ ಬಟ್ಟೆ ಕೊಳ್ಳಲು ಹಣ ಬೇಕಾಗಿತ್ತು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಧನ. ಅವಳ ಅಣ್ಣ, ‘ಕೂಲ್ ಹರ್ಕ್’ ಎಂಬ ಹೆಸರಿನವನು, ಧ್ವನಿತಟ್ಟೆಗಳನ್ನು ನುಡಿಸಿದನು. ಜಗತ್ತನ್ನೇ ಸುತ್ತಿದ ಹಿಪ್‌ಹಾಪ್ ಕಲೆಯ ಜನ್ಮದಿನವೆಂದು ಆ ಸಂಜೆಯನ್ನು ಎಣಿಸುತ್ತಾರೆ. ಶಾಲೆಯ ಬಟ್ಟೆಗಾಗಿ ಕೂಡಿಸಿದ ಚಿಲ್ಲರೆ ಕಾಸಿನಿಂದ ಹುಟ್ಟಿದ ಕಲೆಗೆ ಶಾಲಾಮಾಸ್ತರರ ಮಗನು ಅಸ್ಪೃಶ್ಯನಾಗಬೇಕಾದ ಕಾರಣವಿಲ್ಲ.

ಭಾರತಕ್ಕೆ ಬಂದರೂ ಅಷ್ಟೆ. ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ‘ಆತ್ಮ ರಾಮ’ವನ್ನು ಹಾಡಿದನು, ಹಾಸನ ಜಿಲ್ಲೆಯ ಚಂದನ್ ಶೆಟ್ಟಿ ಕನ್ನಡ ರ್ಯಾಪನ್ನು ಮದುವೆ ಮನೆಯ ತನಕ ಒಯ್ದು, 2018ರಲ್ಲಿ ‘ಬಿಗ್ ಬಾಸ್’ ಸ್ಪರ್ಧೆಯನ್ನೂ ಗೆದ್ದನು. ಮುಂಬಯಿಯ ಕುರ್ಲಾದ ನೇಝಿ 2014ರಲ್ಲಿ ಒಂದು ಐಪ್ಯಾಡಿನ ನೆರವಿನಿಂದಲೇ ‘ಆಫತ್’ ಹಾಡನ್ನು ಮುದ್ರಿಸಿ, ಚಿತ್ರಿಸಿ ಹೊರತಂದನು. ಅವನ ಮತ್ತು ಡಿವೈನ್ ಎಂಬ ಇನ್ನೊಬ್ಬ ಹಾಡುಗಾರನ ಬಾಳಿನಿಂದ ಸ್ಫೂರ್ತಿಗೊಂಡು 2019ರಲ್ಲಿ ‘ಗಲ್ಲಿ ಬಾಯ್’ ಚಲನಚಿತ್ರ ಬಂತು. ಅಂದಿನಿಂದ ಗಲ್ಲಿ ಎಂಬುದು ವಾಸಸ್ಥಳವಾಗಿದ್ದುದು ಮುದ್ರೆಯಾಯಿತು. ಗಲ್ಲಿಯಿಲ್ಲದ ಊರಿನ ಹುಡುಗರೂ ಅದನ್ನು ಸಾಲ ತಂದು ತೊಟ್ಟರು.

ಆದರೆ ತುಳುನಾಡಿನ ಹುಡುಗನು ವೇಷದ ಮರ್ಮವನ್ನು ಮುಂಬಯಿಯಿಂದ ಕಲಿಯಬೇಕಾಗಿತ್ತೆ? ಅವನ ಊರಿನಲ್ಲಿಯೇ ತಾಳಮದ್ದಳೆ ನಡೆಯುತ್ತದೆ. ಕಿರೀಟವಿಲ್ಲ, ಬಣ್ಣವಿಲ್ಲ, ಬಿಳಿಯ ಪಂಚೆಯುಟ್ಟ ಅರ್ಥಧಾರಿಯು ಎದುರಾಳಿಯ ಮುಂದೆ ಕುಳಿತು, ಭಾಗವತರ ಪದ ಮುಗಿದೊಡನೆ ಕರ್ಣನಾಗಿ ಮಾತನಾಡುತ್ತಾನೆ, ಬರೆದಿಟ್ಟುಕೊಂಡ ಮಾತಲ್ಲ, ಆ ಕ್ಷಣದಲ್ಲಿ ಹುಟ್ಟಿದ್ದು. ಅವನು ಬೆಳಿಗ್ಗೆ ಶಾಲಾಮಾಸ್ತರನೋ ವಕೀಲನೋ ಆಗಿರುತ್ತಾನೆ. ‘ನೀನು ಸೂತಪುತ್ರನೇ ಅಲ್ಲವಲ್ಲ!’ ಎಂದು ಸಭೆಯಲ್ಲಿ ಎದ್ದು ಕೂಗಿದವರಿಲ್ಲ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯಲ್ಲಿ ಬಪ್ಪ ಬ್ಯಾರಿಯ ಪಾತ್ರವನ್ನು ಮಾಡಿದಾಗ, ಮುಸಲ್ಮಾನ ವರ್ತಕನ ಮಾತು ವೈದಿಕ ಮನೆತನದವರ ಬಾಯಲ್ಲಿ ಬಂತೆಂದು ಯಾರೂ ಹೀಯಾಳಿಸಲಿಲ್ಲ, ಆ ಪಾತ್ರ ಅವರ ಹೆಸರಿನೊಡನೆಯೇ ಉಳಿಯಿತು. ನವರಾತ್ರಿಯಲ್ಲಿ ತಾಸೆಯ ಸದ್ದಿಗೆ ಕುಣಿಯುವ ಹುಲಿಯನ್ನು ಕಂಡು ಅದರ ಕಾಡು ಯಾವುದೆಂದು ವಿಚಾರಿಸುವವರುಂಟೆ? ಮೈಗೆ ಬಳಿದ ಬಣ್ಣ ಒಣಗುವ ತನಕ ಕೈ ಚಾಚಿ ನಿಂತು, ಉರಿ ಸಹಿಸಿ, ದಿನವಿಡೀ ಕುಣಿದವನು ತನ್ನ ಹುಲಿತನಕ್ಕೆ ಸಲ್ಲಿಸಬೇಕಾದ ಸುಂಕವನ್ನು ಸಲ್ಲಿಸಿರುತ್ತಾನೆ.

ವೇಷಕ್ಕೂ ಸೋಗಿಗೂ ಇರುವ ಅಂತರ ಇಷ್ಟೆ: ವೇಷಧಾರಿಯು ತಾನು ವೇಷಧಾರಿಯೆಂಬುದನ್ನು ಮುಚ್ಚಿಡುವುದಿಲ್ಲ; ಸೋಗಿನವನು ಬಣ್ಣವನ್ನು ಚರ್ಮವೆಂದು ಸಾಧಿಸುತ್ತಾನೆ. ತರುಣನು ‘ಇದೊಂದು ಗಲ್ಲಿಯ ಹುಡುಗನ ಕಥೆ’ ಎಂದು ಹಾಡಿದ್ದರೆ ಯಾವ ಎದುರಾಳಿಯೂ ಕೊಡೆಯ ಮಾತನ್ನೆತ್ತುವಂತಿರಲಿಲ್ಲ. ‘ಇದು ನನ್ನ ಕಥೆ’ ಎಂದುದರಿಂದ ತಂದೆಯು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಬೇಕಾಯಿತು. ಸುಳ್ಳಿನ ಸಾಲವನ್ನು ಹೇಳಿದವನು ತೀರಿಸುವುದು ವಿರಳ; ಮನೆಯವರೇ ತೀರಿಸುತ್ತಾರೆ.

ಸ್ಪರ್ಧೆಯಾದ ಮೇಲೆ ತರುಣನು ಹಲವು ದಿನ ಹಾಡಲಿಲ್ಲ. ಕರ್ಕಾಟಕ ಮಾಸದ ಮಳೆ; ಹೊರಗೆ ಹೋಗುವಂತಿರಲಿಲ್ಲ. ಒಂದು ಮಧ್ಯಾಹ್ನ ಚಾವಡಿಯಲ್ಲಿ ಮೊಬೈಲಿನಲ್ಲಿದ್ದ ತನ್ನ ಹಾಡನ್ನು ತಾನೇ ಕೇಳುತ್ತಿದ್ದಾಗ ಮೂಲೆಯಿಂದ ಅಜ್ಜಿ ಕೇಳಿದಳು: “ಉಂದು ಏರೆನ ಕತೆ ಮಗಾ?” ಇದು ಯಾರ ಕಥೆ, ಮಗನೆ? ಅಜ್ಜಿಗೆ ಹಾಡಿನ ಕನ್ನಡ ಅರ್ಥವಾಗಿರಲಿಲ್ಲ. ಬಡತನದ ದನಿ ಮಾತ್ರ ಅರ್ಥವಾಗಿತ್ತು. ತರುಣನು ಉತ್ತರ ಹೇಳಲಾರದೆ ಹೋದನು. ಅಜ್ಜಿಯು ತಾನಾಗಿಯೇ ಮಾತು ಮುಂದುವರಿಸಿದಳು.

ಅವಳು ಹೇಳಿದ್ದು ಬೀಡಿಯ ಕಥೆ. ದಕ್ಷಿಣ ಕನ್ನಡದಲ್ಲಿ ಅದು ಮನೆಮನೆಯ ಕಥೆ. ಹೇಳಿದರೆ ಹೊಸತೆನಿಸದು, ಹೇಳದಿದ್ದರೆ ಮರೆತುಹೋಗುವುದು. ಬೀಡಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಎಲೆಯನ್ನು ನೀರಿನಲ್ಲಿ ನೆನೆಸಿ, ಅಳತೆಯ ತಗಡನ್ನಿಟ್ಟು ಕತ್ತರಿಯಿಂದ ಕತ್ತರಿಸುವುದು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಸುರುಳಿ ಸುತ್ತಿ, ನೂಲು ಬಿಗಿದು, ತುದಿ ಮಡಚುವುದು. ಕಟ್ಟು ಕಟ್ಟಿ ಬ್ರಾಂಚಿಗೆ ಒಪ್ಪಿಸುವುದು. ಅಲ್ಲಿ ಹಾಳಾದುವೆಂದು ಆರಿಸಿ ತೆಗೆದವಕ್ಕೆ ಕೂಲಿಯಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ, 1976ರ ಕಲ್ಯಾಣ ನಿಧಿಯ ಕಾಯಿದೆ ಇವುಗಳ ಹೆಸರು ಅಜ್ಜಿಗೆ ಗೊತ್ತಿರಲಿಲ್ಲ. ಮಗನಿಗೆ ಒಂದು ವರ್ಷ ವಿದ್ಯಾರ್ಥಿವೇತನ ಬಂದುದು ಗೊತ್ತಿತ್ತು. ಆ ಮಗನೇ ಇಂದಿನ ಗಣಿತದ ಮೇಷ್ಟರು. ಬಾಲಕನಾಗಿದ್ದಾಗ ಅವರು ಪ್ರತಿ ಸಂಜೆ ಬೀಡಿಯ ಕಟ್ಟನ್ನು ಮಳೆಗೆ ನೆನೆಯದಂತೆ ಕೊಡೆಯ ಕೆಳಗೆ ಹಿಡಿದು, ತಾನು ನೆನೆಯುತ್ತ, ಗುಡ್ಡೆಯಿಳಿದು ಬ್ರಾಂಚಿಗೆ ಹೋಗುತ್ತಿದ್ದರಂತೆ. ಹಾಳಾದ ಬೀಡಿಯ ಲೆಕ್ಕವನ್ನು ಬ್ರಾಂಚಿನವನಿಗಿಂತ ಮೊದಲು ಅವರೇ ಮಾಡಿ ಮುಗಿಸುತ್ತಿದ್ದರಂತೆ. ಅವರ ಗಣಿತ ಶುರುವಾದದ್ದೂ ಅಲ್ಲಿಯೇ.

ತರುಣನು ಅಜ್ಜಿಯ ಬೆರಳುಗಳನ್ನು ನೋಡಿದನು. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅವನು ಅವನ್ನು ನೋಡಿರಲಿಲ್ಲವೆಂದೇ ಹೇಳಬೇಕು. ಅಟ್ಟದ ಮೇಲೆ ಕತ್ತರಿಯಿತ್ತು, ಅಳತೆಯ ತಗಡಿತ್ತು. ಮನೆಯ ನಿಜವಾದ ಬಡತನವನ್ನು ಅಟ್ಟಕ್ಕೆ ಹಾಕಿ, ಯಾರದೋ ಬಡತನವನ್ನು ಚಾವಡಿಗೆ ತಂದಂತಾಗಿತ್ತು. ಗೆಳೆಯರ ಮುಂದೆ ಬೀಡಿಯ ಮಾತನ್ನೆತ್ತಲು ಅವನು ನಾಚುತ್ತಿದ್ದನು. ಕತ್ತಿಯ ಮಾತಿಗೆ ನಾಚಿರಲಿಲ್ಲ.

ಹಡಿಲು ಎಂದರೆ ಬೇಸಾಯವಿಲ್ಲದೆ ಬಿದ್ದಿರುವ ಗದ್ದೆ. ತುಳುವಿನಲ್ಲಿ ಅದೇ ಮಾತು ಪಡೀಲ್. ಹಡಿಲು ಬಿದ್ದ ನೆಲ ಬಂಜೆಯಲ್ಲ. ಉಳುವವನು ಬೇರೆ ಊರಿನ ಗದ್ದೆಯ ಕಡೆಗೆ ನೋಡುತ್ತಿದ್ದಾನೆಂದಷ್ಟೆ ಅದರ ಅರ್ಥ. ಊರಿನ ರೈಲು ನಿಲ್ದಾಣವೂ ಪಡೀಲಿನಲ್ಲಿದ್ದುಕೊಂಡು ಬಹುಕಾಲ ಕಂಕನಾಡಿಯ ಹೆಸರನ್ನು ಹೊತ್ತಿತ್ತು. ಅನಂತರ ಮಂಗಳೂರು ಜಂಕ್ಷನ್ ಆಯಿತು. ಸ್ವಂತ ಹೆಸರನ್ನು ಹೇಳಿಕೊಳ್ಳುವ ಸಂಕೋಚ ಆ ಮಣ್ಣಿಗೇ ಸೇರಿದ್ದೋ ಏನೊ!

ಹದಿನೈದು ದಿನಗಳ ಮೇಲೆ ತರುಣನು ಹೊಸ ಹಾಡೊಂದನ್ನು ಕಟ್ಟಿದನು. ಅದರಲ್ಲಿ ಗಲ್ಲಿಯಿಲ್ಲ, ‘ಮಚ್ಚಾ’ ಇಲ್ಲ. ಶಾಲೆಯಲ್ಲಿ ಕಲಿತ ಕನ್ನಡ, ನಡುನಡುವೆ ಅಜ್ಜಿಯ ತುಳು, ತಾಳಕ್ಕೆ ಅಟ್ಟದಿಂದಿಳಿಸಿದ ಕತ್ತರಿಯ ಸದ್ದು. ಇದು ತನ್ನ ಪಾಡಲ್ಲ, ಅಜ್ಜಿಯದು, ಎಂದು ಮೊದಲ ಸಾಲಿನಲ್ಲಿಯೇ ಹೇಳಿದನು. ಆದರೂ ಹಳೆಯ ಚಾಳಿ ಪೂರ್ತಿ ಬಿಟ್ಟಿರಲಿಲ್ಲ. ಅಜ್ಜಿಯ ಮುಂದೆ ಕುಳಿತು ತುಳುವಿನಲ್ಲಿ ಅರ್ಥ ಹೇಳುತ್ತ ಹಾಡಿದಾಗ, ಅವಳು ದಿನಕ್ಕೆ ಎರಡು ಸಾವಿರ ಬೀಡಿ ಕಟ್ಟಿದಳೆಂಬ ಸಾಲು ಬಂತು. ಅಜ್ಜಿ ಕೈಯೆತ್ತಿ ತಡೆದಳು.

“ಎರಡು ಸಾವಿರ ಯಾರು ಕಟ್ಟಿದ್ದು? ಎಂಟುನೂರು. ಅದೂ ಮೈ ಚೆನ್ನಾಗಿದ್ದ ದಿವಸ.”

ಬಾಗಿಲಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಹಿಡಿದು ನಿಂತಿದ್ದ ತಂದೆಯೂ ಒಂದು ಮಾತು ಸೇರಿಸಿದರು: “ಎಂಟುನೂರರಲ್ಲಿ ಹಾಳಾದುವನ್ನು ಕಳೆಯಬೇಕು.” ಸ್ಪರ್ಧೆಯ ರಾತ್ರಿಯ ನಂತರ ಮಗನ ಹಾಡಿನ ಬಗ್ಗೆ ಅವರು ಆಡಿದ ಮೊದಲ ಮಾತು ಅದು.

ತರುಣನು ಸಾಲನ್ನು ತಿದ್ದಿದನು. ತಿದ್ದಿದೊಡನೆ ತಾಳ ತಪ್ಪಿತು. ‘ಎರಡು ಸಾವಿರ’ಕ್ಕೆ ಏಳು ಮಾತ್ರೆ, ‘ಎಂಟುನೂರು’ ಎಂದರೆ ಆರೇ ಮಾತ್ರೆ. ನಿಜವು ಒಂದು ಮಾತ್ರೆಯಷ್ಟು ಗಿಡ್ಡವಾಗಿತ್ತು. ಬೇರೆ ಮಾತನ್ನು ತುಂಬಲು ಎರಡು ದಿನ ಹೆಣಗಿದನು. ಯಾವ ಮಾತೂ ಅಲ್ಲಿ ಕೂರಲಿಲ್ಲ. ಕೊನೆಗೆ ಅದನ್ನು ಹಾಗೆಯೇ ಬಿಟ್ಟನು. ಈಗ ಅವನು ಆ ಹಾಡನ್ನು ಹಾಡುವಾಗ ಅಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ಕೇಳುವವರು ಉಸಿರು ತೆಗೆದುಕೊಳ್ಳಲು ನಿಂತನೆಂದು ತಿಳಿಯುತ್ತಾರೆ.